ಕಡಿಮೆ ಅಪಾಯದ ಸೀಮೆಯಲ್ಲಿ ಭೂಕಂಪದ ಪಾಠ

ತಳಿ, ದೆಂಕಣಿಕೋಟೆ, ಹೊಸೂರು ಭಾಗದ ಮಕ್ಕಳಿಗೆ ಭೂಕಂಪವೆಂದರೆ ಗುಜರಾತಿಗೋ ಜಪಾನಿಗೋ ಸೇರಿದ ಸಂಗತಿ. ಮನೆಯ ಪಾತ್ರೆಗಳು ಅದುರಿದರೆ ಕಲ್ಲುಕ್ವಾರಿಯಲ್ಲಿ ಮದ್ದು ಸಿಡಿಸಿದರೆಂದು ಹಿರಿಯರು ಹೇಳುವುದುಂಟು. ಬಹುಮಟ್ಟಿಗೆ ಅದು ನಿಜವೂ ಹೌದು. ಅನುಭವದಿಂದ ಕಲಿಯುವ ಸಂದರ್ಭ ಅಪರೂಪವಾದುದರಿಂದ ಈ ಎಚ್ಚರವನ್ನು ಇಲ್ಲಿ ಶಾಲೆಯೇ ಕಲಿಸಬೇಕಾಗಿದೆ.

2002ರಲ್ಲಿ ಪರಿಷ್ಕೃತವಾದ ಭೂಕಂಪ ವಲಯ ನಕ್ಷೆಯು ದೇಶವನ್ನು ಎರಡರಿಂದ ಐದರವರೆಗಿನ ನಾಲ್ಕು ವಲಯಗಳಾಗಿ ವಿಂಗಡಿಸಿತು. ಅದರಲ್ಲಿ ಬೆಂಗಳೂರು ಎರಡನೆಯ ವಲಯದಲ್ಲಿಯೂ ಧರ್ಮಪುರಿ, ಸೇಲಂ ಮೂರನೆಯದರಲ್ಲಿಯೂ ಇವೆ. ತಳಿ ಇವುಗಳ ನಡುವಿನ ನೆಲ. ಒಂದನೆಯ ವಲಯ ಎಲ್ಲಿ ಹೋಯಿತೆಂದು ಯಾವನಾದರೂ ವಿದ್ಯಾರ್ಥಿ ಕೇಳಿದರೆ ಶಿಕ್ಷಕರು ಆ ಪ್ರಶ್ನೆಯಿಂದಲೇ ಪಾಠವನ್ನು ಬೆಳೆಸಬಹುದು.

ಮಹಾರಾಷ್ಟ್ರದ ಕಿಲ್ಲಾರಿ ಅಂತಹ ಒಂದನೆಯ ವಲಯದಲ್ಲಿತ್ತು. 1993ರ ಸೆಪ್ಟೆಂಬರ್ 30ರಂದು, ನಸುಕಿನ ನಾಲ್ಕು ಗಂಟೆಯ ಹೊತ್ತಿಗೆ, ಗಣೇಶ ವಿಸರ್ಜನೆ ಮುಗಿಸಿ ಮಲಗಿದ್ದ ಜನರ ಮೇಲೆ ಮನೆಗಳು ಕುಸಿದವು. ಕಂಪನದ ಪ್ರಮಾಣ ಸುಮಾರು 6.2; ಸತ್ತವರು ಹತ್ತು ಸಾವಿರದ ಸಮೀಪ. ಅಲ್ಲಿನ ಗೋಡೆಗಳು ತೆಳುವಾಗಿರಲಿಲ್ಲ, ಬಹಳ ದಪ್ಪವಾಗಿದ್ದವು. ಆದರೆ ಕಲ್ಲುಗಳನ್ನು ಕೂಡಿಸಿದ್ದುದು ಮಣ್ಣು. ಗೋಡೆಯ ಒಳಮುಖವನ್ನೂ ಹೊರಮುಖವನ್ನೂ ಹಿಡಿದು ನಿಲ್ಲಿಸುವ ಉದ್ದ ಕಲ್ಲುಗಳಿರಲಿಲ್ಲ. ಮೇಲೆ ಮರದ ತೊಲೆಗಳು, ಅವುಗಳ ಮೇಲೆ ಬಿಸಿಲು ತಡೆಯಲು ಹಾಕಿದ ಮಣ್ಣಿನ ಭಾರ. ದಪ್ಪ ಗೋಡೆಯೇ ಭದ್ರವೆಂಬ ನಂಬಿಕೆ ಆ ಊರುಗಳನ್ನು ಕಾಯಲಿಲ್ಲ. ಮುಂದೆ ನಕ್ಷೆಯಿಂದ ಒಂದನೆಯ ವಲಯವನ್ನೇ ತೆಗೆದುಹಾಕಲಾಯಿತು.

ಇನ್ನೂ ಹತ್ತಿರದ ನಿದರ್ಶನಗಳಿವೆ. 1900ರ ಫೆಬ್ರವರಿ 8ರಂದು ಕೊಯಮತ್ತೂರು ಸೀಮೆಯಲ್ಲಿ ಆರರ ಆಸುಪಾಸಿನ ಕಂಪನವಾಗಿ ದಕ್ಷಿಣ ಭಾರತದ ಬಹುಭಾಗಕ್ಕೆ ಅದರ ಅರಿವಾಯಿತು. 2021ರ ನವೆಂಬರ್ ಕೊನೆಯಲ್ಲಿ ವೇಲೂರಿನ ಪಶ್ಚಿಮಕ್ಕೆ 3.6, ಡಿಸೆಂಬರಿನಲ್ಲಿ ಚಿಕ್ಕಬಳ್ಳಾಪುರದ ಬಳಿ ಮೂರರಷ್ಟು ಪ್ರಮಾಣದ ಲಘು ಕಂಪನಗಳು ದಾಖಲಾದವು. ಪ್ರಮಾಣ ಒಂದು ಏರಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆಂಬುದನ್ನು ಹಿರಿಯ ತರಗತಿಗಳಲ್ಲಿ ಲೆಕ್ಕದ ಮೂಲಕ ತೋರಿಸುವುದು ಒಳ್ಳೆಯದು.

ಚಟುವಟಿಕೆಗೆ ಮನೆಯೇ ಸಾಮಗ್ರಿ. ಮಕ್ಕಳು ತಮ್ಮ ಮನೆಯ ನಕ್ಷೆ ಬರೆದು, ಗೋಡೆ ಯಾವುದರದು, ಮಾಡು ನಾಡಹೆಂಚೋ ಕಲ್ಲುಚಪ್ಪಡಿಯೋ ತಾರಸಿಯೋ ಎಂದು ಗುರುತಿಸಲಿ. ಮಲಗುವ ಜಾಗದ ಮೇಲಿನ ಅಟ್ಟದಲ್ಲಿ ಏನಿದೆ? ರಾಗಿ ಚೀಲವೋ, ಹಿತ್ತಾಳೆ ಹಂಡೆಯೋ? ಬೀರು ಬಿದ್ದರೆ ಬಾಗಿಲಿಗೆ ಅಡ್ಡವಾಗುವುದೇ? ಭಾರವಾದುದನ್ನು ಕೆಳಗಿಳಿಸುವುದಕ್ಕೂ ಬೀರುವನ್ನು ಗೋಡೆಗೆ ಬಿಗಿಯುವುದಕ್ಕೂ ಹೆಚ್ಚು ಖರ್ಚಿಲ್ಲ. ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರನ್ನು ಮುಚ್ಚುವುದು ಮನೆಯ ದೊಡ್ಡವರೆಲ್ಲರಿಗೂ ತಿಳಿದಿರಬೇಕು. ಟಾರ್ಚ್, ಕುಡಿಯುವ ನೀರು, ಔಷಧಿ, ರೇಷನ್ ಕಾರ್ಡಿನ ಪ್ರತಿ ಒಂದೇ ಚೀಲದಲ್ಲಿದ್ದರೆ ಮಳೆಗಾಳಿಯ ರಾತ್ರಿಗೂ ಆಗುತ್ತದೆ. ಹೊಸ ಮನೆ ಕಟ್ಟುವವರು ಬಾಗಿಲು ಕಿಟಕಿಗಳ ಮೇಲೆ ಎಲ್ಲ ಗೋಡೆಗಳನ್ನೂ ಸುತ್ತುವ ಕಾಂಕ್ರೀಟ್ ಪಟ್ಟಿಯನ್ನು ಬಿಡಬಾರದೆಂಬ ಮಾತನ್ನು ಮಕ್ಕಳು ಮನೆಗೆ ಒಯ್ಯಲಿ.

ಓಡಬೇಕೇ, ಅಡಗಬೇಕೇ ಎಂಬುದಕ್ಕೆ ಒಂದೇ ಉತ್ತರ ಹೇಳಿಕೊಡುವುದು ಸರಿಯಲ್ಲ. ಕಾಂಕ್ರೀಟ್ ಚೌಕಟ್ಟಿನ ಭದ್ರ ಶಾಲಾ ಕಟ್ಟಡದಲ್ಲಿ ಕುಳಿತು, ಬೆಂಚಿನ ಕೆಳಗೆ ತಲೆ ಮರೆಸಿ, ಅದರ ಕಾಲನ್ನು ಹಿಡಿದುಕೊಳ್ಳುವುದು ಯೋಗ್ಯ. ಮೆಟ್ಟಿಲುಗಳಲ್ಲಿ ನೂಕುನುಗ್ಗಲೇ ಹೆಚ್ಚು ಅಪಾಯ. ಮಣ್ಣು ಕಲ್ಲಿನ ನೆಲಮಹಡಿಯ ಮನೆಯಲ್ಲಿ ಬಾಗಿಲು ಎರಡು ಹೆಜ್ಜೆಯ ದೂರದಲ್ಲಿದ್ದರೆ ಬಯಲಿಗೆ ಹೋಗುವುದೇ ಮೇಲು. ದೂರವಿದ್ದರೆ ಗಟ್ಟಿ ಮಂಚ ಅಥವಾ ಮೇಜಿನ ಆಸರೆ. ಹೊರಗೆ ಬಂದವರು ಗೋಡೆ, ವಿದ್ಯುತ್ ತಂತಿಗಳಿಂದ ದೂರ ನಿಲ್ಲಬೇಕು.

ಕಂಪನವಾದ ಮೇಲೆ ಇಂದು ರಾತ್ರಿ ಇಷ್ಟು ಗಂಟೆಗೆ ಮತ್ತೊಂದು ಆಗುವುದೆಂಬ ಸಂದೇಶಗಳು ಮೊಬೈಲುಗಳಲ್ಲಿ ಹರಿದಾಡುತ್ತವೆ. ಮರುಕಂಪನಗಳು ಬರಬಹುದು, ಆದರೆ ಭೂಕಂಪದ ಗಳಿಗೆಯನ್ನು ಮುಂದಾಗಿ ಹೇಳುವ ವಿದ್ಯೆ ಯಾರಲ್ಲಿಯೂ ಇಲ್ಲ. ಜಿಲ್ಲಾಡಳಿತದ ಸೂಚನೆ ಈ ರಾಜ್ಯದಲ್ಲಿ ತಮಿಳಿನಲ್ಲಿ ಬರುವುದರಿಂದ 'ನಿಲನಡುಕ್ಕಂ' ಎಂಬ ಪದವನ್ನೂ ಕನ್ನಡ ತರಗತಿಯಲ್ಲಿ ಪರಿಚಯಿಸಬೇಕು. ನಮ್ಮ 'ನಡುಕ'ವೇ ಅದರಲ್ಲಿರುವುದನ್ನು ಮಕ್ಕಳು ಬೇಗ ಹಿಡಿಯುತ್ತಾರೆ. ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077, ಆಂಬುಲೆನ್ಸಿನ 108, ಎಲ್ಲ ತುರ್ತುಗಳಿಗೂ ಇರುವ 112 ಸಂಖ್ಯೆಗಳನ್ನು ಕರಿಹಲಗೆಯ ಪಕ್ಕದಲ್ಲಿ ಬರೆದಿಡಬೇಕು.

ಮೌಲ್ಯಮಾಪನ: ಮನೆಯ ನಕ್ಷೆಯನ್ನು ಹೆತ್ತವರಿಗೆ ತೋರಿಸಿದ ಮೇಲೆ ಯಾವ ವಸ್ತುವಿನ ಜಾಗ ಬದಲಾಯಿತು, ಯಾವುದು ಬದಲಾಗಲಿಲ್ಲ, ಏಕೆ ಎಂಬುದನ್ನು ವಿದ್ಯಾರ್ಥಿಗಳು ಐದು ವಾಕ್ಯಗಳಲ್ಲಿ ಬರೆಯಲಿ.