ಆಪರೇಷನ್ ಆದ ಮೇಲಿನ ವಾರಗಳು: ಸ್ತನ ಕ್ಯಾನ್ಸರ್ ಗಾಯದಲ್ಲಿ ನೀರು ತುಂಬಿದಾಗ



ಮಣಿಕೊಂಡ, ಪುಪ್ಪಾಲಗುಡ ಕಡೆಯ ನಮ್ಮ ಮನೆಗಳಿಗೆ ಊರಿನಿಂದ ಬರುವ ನೆಂಟರಲ್ಲಿ ಹಬ್ಬಕ್ಕೆ ಬರುವವರಷ್ಟೇ ಅಲ್ಲ, ಆಸ್ಪತ್ರೆಗೆ ಬರುವವರೂ ಇರುತ್ತಾರೆ. ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು ಸೀಮೆಯವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ರೆಡ್ ಹಿಲ್ಸ್‌ನ ಎಂ.ಎನ್.ಜೆ. ಕ್ಯಾನ್ಸರ್ ಸಂಸ್ಥೆ 1955ರಿಂದಲೂ, ಬಂಜಾರಾ ಹಿಲ್ಸ್‌ನ ಬಸವತಾರಕಂ ಆಸ್ಪತ್ರೆ 2000ದಿಂದಲೂ ಕೆಲಸ ಮಾಡುತ್ತಿವೆ. ಆಪರೇಷನ್‌ಗೆ ಹಣ ಹೊಂದಿಸುವುದು ಹೇಗೆಂದು ನಾವೆಲ್ಲ ಯೋಚಿಸುತ್ತೇವೆ. ಆಪರೇಷನ್ ಆದ ಮೇಲಿನ ಐದಾರು ವಾರಗಳ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ. ಈ ಪಾಠ ಆ ವಾರಗಳದ್ದು.

ನಾನು ವೈದ್ಯೆಯಲ್ಲ. ಸೋದರತ್ತೆಯನ್ನು ಮನೆಯಲ್ಲಿಟ್ಟುಕೊಂಡು ನೋಡಿಕೊಂಡವಳು. ಸೇಡಂನಿಂದ ರೈಲಿನಲ್ಲಿ ಲಿಂಗಂಪಲ್ಲಿಗೆ ಬಂದು, ಇಲ್ಲಿಯ ಆಸ್ಪತ್ರೆಯೊಂದರಲ್ಲಿ ಅತ್ತೆಗೆ ಎಡ ಸ್ತನದ ಆಪರೇಷನ್ ಆಯಿತು. ಡ್ರೇನ್ ನಳಿಕೆ ತೆಗೆದ ಮೂರನೆಯ ದಿನ ಕಂಕುಳ ಕೆಳಗೆ ಉಬ್ಬು ಕಾಣಿಸಿತು. ಅವರು ಅದನ್ನು ನಾಲ್ಕು ದಿನ ಸೆರಗಿನಲ್ಲಿ ಮುಚ್ಚಿಟ್ಟರು. ಕೊನೆಗೆ ನಾನೇ ನೋಡಿ ಕೇಳಿದಾಗ, "ಮತ್ತ ಗಂಟ ಬಂತೇನ ಯವ್ವಾ? ನಿಮಗ ಮತ್ತ ಖರ್ಚ ಬ್ಯಾಡಂತ ಸುಮ್ಮನಿದ್ದೆ" ಎಂದರು. ಭಯ ಒಂದು, ಸಂಕೋಚ ಇನ್ನೊಂದು. ಎರಡಕ್ಕೂ ಉತ್ತರ ಇದೆ.

ಅದು ಗಂಟಲ್ಲ, ನೀರು

ಸ್ತನ ಹಾಗೂ ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆದ ಮೇಲೆ ಚರ್ಮಕ್ಕೂ ಎದೆಯ ಗೋಡೆಗೂ ನಡುವೆ ಒಂದು ಖಾಲಿ ಜಾಗ ಉಳಿಯುತ್ತದೆ. ಗ್ರಂಥಿಗಳ ಜೊತೆ ಸಣ್ಣ ಸಣ್ಣ ದುಗ್ಧನಾಳಗಳೂ ಕತ್ತರಿಸಿಹೋಗಿರುತ್ತವೆ. ಹೊಲದ ಕಾಲುವೆ ಒಡೆದರೆ ತಗ್ಗಿನಲ್ಲಿ ನೀರು ನಿಲ್ಲುವಂತೆ, ಮೈಯೊಳಗಿನ ದ್ರವ ಆ ಜಾಗದಲ್ಲಿ ಒಸರಿ ನಿಲ್ಲುತ್ತದೆ. ವೈದ್ಯರು ಇದನ್ನು ಸೆರೋಮ ಎನ್ನುತ್ತಾರೆ. ಈ ಆಪರೇಷನ್ ನಂತರ ಕಾಣುವ ತೊಂದರೆಗಳಲ್ಲಿ ಇದೇ ಎಲ್ಲಕ್ಕಿಂತ ಸಾಮಾನ್ಯ. ನೀರು ತುಂಬಿತೆಂದರೆ ಕ್ಯಾನ್ಸರ್ ಮರಳಿತು ಎಂದಲ್ಲ. ಆಪರೇಷನ್ ಕೆಟ್ಟಿತು ಎಂದೂ ಅಲ್ಲ. ಚರ್ಮ ಎದೆಗೆ ಅಂಟಿಕೊಂಡು ಆ ಜಾಗ ಮುಚ್ಚಿದರೆ ಒಸರುವುದೂ ನಿಲ್ಲುತ್ತದೆ.

ದಪ್ಪ ಮೈಕಟ್ಟಿನವರಲ್ಲಿ, ಹೆಚ್ಚು ಗ್ರಂಥಿ ತೆಗೆಸಿಕೊಂಡವರಲ್ಲಿ ಇದು ಹೆಚ್ಚು. ಒಂದೆರಡು ಗ್ರಂಥಿಗಳನ್ನು ಮಾತ್ರ ತೆಗೆದು ಪರೀಕ್ಷಿಸುವ ಸೆಂಟಿನಲ್ ವಿಧಾನದಲ್ಲಿ ಕಡಿಮೆ.

ಡ್ರೇನ್ ಇರುವಾಗ

ಆಪರೇಷನ್ ಮುಗಿದಾಗಲೇ ಒಂದು ನಳಿಕೆ ಹಾಕಿ, ತುದಿಗೆ ಹೀರುವ ಡಬ್ಬಿ ಜೋಡಿಸಿರುತ್ತಾರೆ. ಅದರ ಸಮೇತ ಮನೆಗೆ ಕಳಿಸುವುದೂ ಉಂಟು. ಡಬ್ಬಿ ಖಾಲಿ ಮಾಡುವುದು, ಮತ್ತೆ ಅದುಮಿ ಮುಚ್ಚುವುದು ಹೇಗೆಂದು ನರ್ಸ್ ಕೈಯಲ್ಲೇ ಮಾಡಿಸಿ ಕಲಿತು ಬನ್ನಿ. ಮುಟ್ಟುವ ಮೊದಲೂ ಆಮೇಲೂ ಸೋಪಿನಿಂದ ಕೈ ತೊಳೆಯಿರಿ. ಪ್ರತಿದಿನ ಒಂದೇ ಹೊತ್ತಿಗೆ ಎಷ್ಟು ಮಿ.ಲೀ. ಬಂತು, ಯಾವ ಬಣ್ಣ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮೊದಲ ದಿನಗಳಲ್ಲಿ ಕೆಂಪು, ಆಮೇಲೆ ತಿಳಿ ಗುಲಾಬಿ, ಕೊನೆಗೆ ಹುಲ್ಲಿನ ಹಳದಿ. ಇದು ಸರಿಯಾದ ಕ್ರಮ. 24 ಗಂಟೆಯಲ್ಲಿ ಸುಮಾರು 30 ಮಿ.ಲೀ.ಗಿಂತ ಕಡಿಮೆಯಾದರೆ ನಳಿಕೆ ತೆಗೆಯುವುದು ರೂಢಿ. ಈ ಲೆಕ್ಕ ವೈದ್ಯರಿಂದ ವೈದ್ಯರಿಗೆ ಸ್ವಲ್ಪ ಬೇರೆಯಾಗುತ್ತದೆ. ಹಾಗಾಗಿ ನಿಮ್ಮ ನೋಟ್‌ಬುಕ್ಕೇ ಅವರಿಗೆ ದಾರಿ ತೋರಿಸುತ್ತದೆ.

ತೆಗೆದ ಮೇಲೂ ತುಂಬಿದರೆ

ಉಬ್ಬು ಚಿಕ್ಕದಿದ್ದು ನೋವಿಲ್ಲದಿದ್ದರೆ ವೈದ್ಯರು ಕಾಯಲು ಹೇಳುತ್ತಾರೆ. ಕೆಲವು ವಾರಗಳಲ್ಲಿ ದೇಹವೇ ಹೀರಿಕೊಳ್ಳುತ್ತದೆ. ಪ್ರತಿ ಸಲ ಸೂಜಿ ಚುಚ್ಚುವುದರಲ್ಲೂ ಸೋಂಕಿನ ಸಣ್ಣ ಅಪಾಯ ಇದೆ. ಆದ್ದರಿಂದ "ತೆಗೀರಿ" ಎಂದು ನಾವು ಒತ್ತಾಯಿಸಬಾರದು. ಬಿಗಿದು ನೋಯುತ್ತಿದ್ದರೆ, ತೋಳು ಆಡಿಸಲಾಗದಿದ್ದರೆ, ಹೊಲಿಗೆ ಎಳೆಯುತ್ತಿದ್ದರೆ ಸಿರಿಂಜ್‌ನಿಂದ ತೆಗೆಯುತ್ತಾರೆ. ಆ ಭಾಗ ಮರಗಟ್ಟಿರುವುದರಿಂದ ಹೆಚ್ಚು ನೋವಾಗುವುದಿಲ್ಲ.

ಒಂದೇ ಸಲಕ್ಕೆ ಮುಗಿಯುವುದಿಲ್ಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಅತ್ತೆಗೆ ಮೊದಲ ಸಲ 180 ಮಿ.ಲೀ. ಬಂತು. ಆಮೇಲೆ 150, 110, 60, ಕೊನೆಗೆ 25. ಐದು ಸಲ ಆಸ್ಪತ್ರೆಗೆ ಹೋದೆವು. ಮೂರನೆಯ ಸಲಕ್ಕೆ ಅವರ ಧೈರ್ಯ ಕುಂದಿತ್ತು. ಆಗ ನೋಟ್‌ಬುಕ್ ತೆಗೆದು ಅಂಕಿಗಳನ್ನು ತೋರಿಸಿದೆ. ಇಳಿಯುತ್ತಿದೆ ಎಂದು ಕಣ್ಣಿಗೆ ಕಂಡ ಮೇಲೆ ಊಟ ಸೇರಿತು.

ವಾರಗಟ್ಟಲೆ ಕಳೆದರೂ ಇಳಿಯದಿದ್ದರೆ ಒಳಗೆ ಒಂದು ಪೊರೆ ಕಟ್ಟಿಕೊಂಡಿರಬಹುದು. ಆಗ ಸ್ಕ್ಯಾನ್ ನೋಡಿಕೊಂಡು ಮತ್ತೆ ನಳಿಕೆ ಹಾಕುವುದು, ಜಾಗ ಅಂಟಿಕೊಳ್ಳುವಂತೆ ಔಷಧ ಬಿಡುವುದು, ಅಪರೂಪಕ್ಕೆ ಪೊರೆಯನ್ನೇ ತೆಗೆಯುವುದು, ಹೀಗೆ ಮುಂದಿನ ದಾರಿಗಳಿವೆ.

ಮನೆಯಲ್ಲಿ ಮಾಡಬಾರದ್ದು

ಬಿಸಿ ಶಾಖ ಬೇಡ. ಚರ್ಮಕ್ಕೆ ಅರಿವಿಲ್ಲದ ಕಾರಣ ಸುಟ್ಟರೂ ಗೊತ್ತಾಗುವುದಿಲ್ಲ. ಅರಿಶಿನ, ಸೊಪ್ಪಿನ ರಸ ಗಾಯಕ್ಕೆ ಹಚ್ಚಬೇಡಿ. ಊರಿನಲ್ಲಿ ಇಂಜೆಕ್ಷನ್ ಕೊಡುವವರ ಕೈಯಲ್ಲಿ ಸೂಜಿ ಹಾಕಿಸಬೇಡಿ. ವೈದ್ಯರು ಹೇಳದೆ ಬಟ್ಟೆ ಬಿಗಿದು ಕಟ್ಟಬೇಡಿ.

ನೀರು ಕುಡಿದರೆ ಅಲ್ಲಿ ನೀರು ತುಂಬುತ್ತದೆ ಎಂಬುದು ತಪ್ಪು ತಿಳಿವಳಿಕೆ. ಬಾಯಾರಿಕೆಯಷ್ಟು ಕುಡಿಯಲಿ. ಬೇಳೆ, ಬದನೆಕಾಯಿ ನಂಜು ಎಂದು ಬಿಡಿಸುವ ಪಥ್ಯವೂ ಬೇಡ. ಗಾಯ ಕೂಡಲು ಪ್ರೋಟೀನ್ ಬೇಕು: ಬೇಳೆ, ಕಾಳು, ಮೊಸರು, ಅಭ್ಯಾಸವಿದ್ದವರಿಗೆ ಮೊಟ್ಟೆ.

ತೋಳಿನ ವ್ಯಾಯಾಮ

ಹೆದರಿ ತೋಳನ್ನು ಎದೆಗೆ ಅಂಟಿಸಿಕೊಂಡು ಕೂತರೆ ಭುಜ ಬಿಗಿಯುತ್ತದೆ. ಅವಸರ ಮಾಡಿ ಮೇಲೆತ್ತಿದರೆ ಒಸರುವುದು ಹೆಚ್ಚುತ್ತದೆ. ಮೊದಲ ದಿನಗಳಲ್ಲಿ ಮುಷ್ಟಿ ಬಿಗಿದು ಬಿಡುವುದು, ಮೊಣಕೈ ಮಡಚುವುದು, ತಲೆ ಬಾಚಿಕೊಳ್ಳುವುದು ಸಾಕು. ತೋಳನ್ನು ಭುಜದ ಮಟ್ಟಕ್ಕಿಂತ ಮೇಲೆ ಎತ್ತುವುದು ಸುಮಾರು ಒಂದು ವಾರದ ನಂತರ, ವೈದ್ಯರು ಒಪ್ಪಿದ ಮೇಲೆ. ಬ್ರಿಟನ್ನಿನಲ್ಲಿ 392 ಮಹಿಳೆಯರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಾಸ್ಪರ್ ಅಧ್ಯಯನದಲ್ಲಿ, ಆಪರೇಷನ್ ಆದ 7ರಿಂದ 10 ದಿನಕ್ಕೆ ಫಿಸಿಯೋಥೆರಪಿಸ್ಟ್ ನೆರವಿನಿಂದ ವ್ಯಾಯಾಮ ಆರಂಭಿಸಿದವರ ತೋಳು ಒಂದು ವರ್ಷದ ನಂತರ ಹೆಚ್ಚು ಚೆನ್ನಾಗಿ ಕೆಲಸ ಮಾಡುತ್ತಿತ್ತು. ಗಾಯದ ತೊಂದರೆಗಳೂ ಹೆಚ್ಚಲಿಲ್ಲ.

ತಡಮಾಡದೆ ಹೋಗಬೇಕಾದಾಗ

ಜ್ವರ 100.4 ಡಿಗ್ರಿ ದಾಟಿದರೆ, ಗಾಯದ ಸುತ್ತ ಕೆಂಪು ಹರಡಿ ಬಿಸಿಯಾದರೆ, ಕೀವು ಅಥವಾ ವಾಸನೆ ಬಂದರೆ, ಹೊಲಿಗೆ ಬಿಟ್ಟುಕೊಂಡರೆ, ಕೆಲವೇ ಗಂಟೆಗಳಲ್ಲಿ ಉಬ್ಬಿ ನೀಲಿಗಟ್ಟಿದರೆ ಅದೇ ದಿನ ಹೋಗಬೇಕು, ರಾತ್ರಿಯಾದರೂ ಸರಿ. ಬಳೆ ಬಿಗಿಯಾಗುವಷ್ಟು ಇಡೀ ತೋಳು ಊದಿದರೆ ಅದು ಬೇರೆಯದೇ ತೊಂದರೆ, ಅದನ್ನೂ ತೋರಿಸಿ. ಸೋಂಕಾದರೆ ಕೀಮೋಥೆರಪಿ ಮುಂದೆ ಹೋಗುತ್ತದೆ. ನಾವು ಉಳಿಸಿದೆವು ಎಂದುಕೊಂಡ ಆಟೋ ಖರ್ಚಿಗೆ ತೆರುವ ಬೆಲೆ ಅದು.

ಸಂಘ ಮತ್ತು ದಾನಿಗಳು ಮಾಡಬಹುದಾದದ್ದು

ಆಯುಷ್ಮಾನ್ ಭಾರತ್ ಪ್ಯಾಕೇಜಿನಲ್ಲಿ ಆಸ್ಪತ್ರೆಯಿಂದ ಬಿಡುಗಡೆಯಾದ ನಂತರದ 15 ದಿನಗಳ ಖರ್ಚು ಸೇರಿದೆ. ಆದರೆ ಈ ನೀರು 15 ದಿನದ ಲೆಕ್ಕ ನೋಡಿ ನಿಲ್ಲುವುದಿಲ್ಲ. ಆಮೇಲಿನ ಭೇಟಿಗಳು, ಓಡಾಟ, ಜೊತೆಗೆ ಬಂದವರ ಊಟ, ಕಳೆದುಕೊಂಡ ಕೂಲಿ ಎಲ್ಲವೂ ಮನೆಯವರ ಮೇಲೆ. ದೊಡ್ಡ ಬಿಲ್ಲಿಗೆ ಕೈಯೊಡ್ಡುವವರೂ ಈ ಸಣ್ಣ ಖರ್ಚಿಗೆ ಬಾಯಿ ತೆರೆಯುವುದಿಲ್ಲ. ನಮ್ಮ ಅತ್ತೆ ಸ್ವಂತ ಸೊಸೆಯ ಮನೆಯಲ್ಲಿದ್ದೂ ತೆರೆಯಲಿಲ್ಲ.

ಆದ್ದರಿಂದ ನಮ್ಮ ಕೋರಿಕೆ ಇಷ್ಟು. ವೈದ್ಯಕೀಯ ನೆರವಿಗೆ ಕೊಡುವಾಗ ಆಪರೇಷನ್‌ಗೆ ಮಾತ್ರವಲ್ಲ, ಆಮೇಲಿನ ವಾರಗಳಿಗೂ ಒಂದು ಪಾಲು ತೆಗೆದಿಡಿ. ಹಣ ಕೊಡಲಾಗದವರು ಒಂದು ದಿನ ನಿಮ್ಮ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ಯಿರಿ. ತೆಲುಗು ಬಲ್ಲವರು ಜೊತೆಗೆ ಹೋಗಿ ವೈದ್ಯರ ಮಾತನ್ನು ಕನ್ನಡದಲ್ಲಿ ತಿಳಿಸಿ. ಮನೆಯಲ್ಲಿ ಒಂದು ಕೋಣೆ ಇದ್ದರೆ ಎರಡು ವಾರಕ್ಕೆ ಕೊಡಿ. ಊರಿಗೆ ಮರಳುವವರು ಇಲ್ಲಿಯ ಸರ್ಜನ್ ಅವರಿಂದ ಒಂದು ಪತ್ರ ಬರೆಸಿಕೊಳ್ಳಲಿ. ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಕೇಂದ್ರ ಇದೆ. ಪ್ರತಿ ಸಲ ಹೈದರಾಬಾದಿಗೇ ಬರಬೇಕೇ ಅಥವಾ ಅಲ್ಲೇ ತೋರಿಸಬಹುದೇ ಎಂದು ಮೊದಲೇ ಕೇಳಿಕೊಳ್ಳಲಿ.

ಆರನೆಯ ವಾರ ಅತ್ತೆಯ ಕೀಮೋ ಶುರುವಾಯಿತು. ಆ ನೋಟ್‌ಬುಕ್ಕನ್ನು ಅವರು ಊರಿಗೆ ಒಯ್ದಿದ್ದಾರೆ. ಪಕ್ಕದ ಓಣಿಯ ಒಬ್ಬರಿಗೆ ಇದೇ ಆಪರೇಷನ್ ಆದಾಗ, "ಅಂಜಬ್ಯಾಡ, ಇದು ನೀರ ಐತಿ, ಬರಕೋತ ಹೋಗು" ಎಂದು ಅದನ್ನೇ ತೋರಿಸಿದರಂತೆ.

ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಯಾರಾದರೂ ಇಂಥ ವಾರಗಳನ್ನು ಎದುರಿಸುತ್ತಿದ್ದರೆ ಸಂಘದ ವೈದ್ಯಕೀಯ ನೆರವು ಸಮಿತಿಗೆ ತಿಳಿಸಿ. ಅವರು ಕೇಳಲಿ ಎಂದು ಕಾಯಬೇಡಿ, ನಾವೇ ಕೇಳೋಣ.