ಅಪ್ಪನ ಮೇಲೆ ಬಟ್ಟೆ ಹೊದಿಸಿದವರು

ಆದಿಕಾಂಡ 9ನೇ ಅಧ್ಯಾಯ, 20ನೇ ವಚನದಿಂದ ತೆಗೀರಿ. ಮೊಬೈಲ್‌ನಲ್ಲಾದ್ರೂ ಸರಿ, ವಾಟ್ಸಾಪ್ ಮಾತ್ರ ಮುಚ್ಚಿಡಿ.

ನೋಹನಿಗೆ ಆಗ 600 ದಾಟಿತ್ತು. ಜಲಪ್ರಳಯ ದಾಟಿ ಬಂದವನು ದ್ರಾಕ್ಷಾರಸ ಕುಡಿದು ಗುಡಾರದಲ್ಲಿ ಬಿದ್ದಿದ್ದ. ಹಾಮ್ ನೋಡಿದ, ಹೊರಗೆ ಹೋಗಿ ಹೇಳಿದ. ಇವತ್ತಾಗಿದ್ರೆ ವಿಡಿಯೋ ಮಾಡ್ತಿದ್ದ. ಶೇಮ್, ಯೆಫೆತ್ ಹೆಗಲ ಮೇಲೆ ಬಟ್ಟೆ ಹಾಕಿಕೊಂಡು ಹಿಂದುಹಿಂದಕ್ಕೆ ನಡೆದು ಹೋಗಿ ಹೊದಿಸಿದರು.

ಯೌವನಸ್ಥರೇ, ನಿಮ್ಮಲ್ಲಿ ಎಷ್ಟೋ ಜನರ ಮನೇಲಿ ಒಬ್ಬ ನೋಹ ಇದ್ದಾರೆ. ಭದ್ರಾವತಿಯಲ್ಲಿ ವಿ.ಐ.ಎಸ್.ಎಲ್., ಎಂ.ಪಿ.ಎಂ. ಅಂತ ಜೀವಮಾನವೆಲ್ಲ ದುಡಿದವರು. ಶಿಫ್ಟ್ ಮುಗಿದ್ರೆ ಒಂದು ಸಾರಾಯಿ ಪ್ಯಾಕೆಟ್. 2007ರ ಜುಲೈನಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿತು, ಪ್ಯಾಕೆಟ್ ಹೋಗಿ ನೈಂಟಿ ಬಂತು. 2015ರಲ್ಲಿ ಪೇಪರ್ ಮಿಲ್ ನಿಂತಿತು. ಶಿಫ್ಟ್ ಹೋಯ್ತು, ನೈಂಟಿ ಉಳೀತು. ಈಗ ಅಪ್ಪ ಕೇಳಿದ್ದನ್ನೇ ಕೇಳ್ತಾರೆ, ದಿನಾ ಓಡಾಡಿದ ದಾರಿ ತಪ್ಪುತ್ತಾರೆ. ವಯಸ್ಸಾಯ್ತಲ್ಲ ಬಿಡಿ ಅಂತೀವಿ.

ಎಲ್ಲಾನೂ ವಯಸ್ಸಿನ ಮೇಲೆ ಹಾಕಬೇಡಿ. ವಯಸ್ಸಾದಂತೆ ದೇಹದಲ್ಲಿ ನೀರಿನ ಅಂಶ ಕಡಿಮೆಯಾಗುತ್ತೆ. ಮೂವತ್ತರಲ್ಲಿ ಕುಡಿದಷ್ಟೇ ಕುಡಿದರೂ ರಕ್ತದಲ್ಲಿ ಮದ್ಯದ ಪ್ರಮಾಣ ಹೆಚ್ಚಿರುತ್ತೆ. ಊಟ ಬಿಟ್ಟು ಕುಡಿಯುವವರಿಗೆ ಬಿ1 ಜೀವಸತ್ವ, ಅಂದ್ರೆ ಥಯಾಮಿನ್, ಕಡಿಮೆಯಾಗಿ ನೆನಪಿಗೇ ಪೆಟ್ಟು ಬೀಳಬಹುದು. ಕೆಲವರು ನಡೆಯದೇ ಇರೋದನ್ನ ನಡೆದ ಹಾಗೇ ಹೇಳ್ತಾರೆ. ಮಕ್ಕಳು "ಅಪ್ಪ ಸುಳ್ಳು ಹೇಳ್ತಾರೆ" ಅಂತ ಜಗಳ ತೆಗೀತಾರೆ. ಮಿದುಳು ಖಾಲಿ ಜಾಗವನ್ನ ತಾನೇ ತುಂಬಿಕೊಳ್ತಿರುತ್ತೆ, ಪಾಪ, ಅವರಿಗೇ ಗೊತ್ತಿರಲ್ಲ. ಬೇಗ ಚಿಕಿತ್ಸೆ ಸಿಕ್ಕಿ ಕುಡಿತ ನಿಂತರೆ ಸ್ವಲ್ಪ ನೆನಪು ವಾಪಸ್ ಬರೋದುಂಟು. ಎಲ್ಲರಿಗೂ ಅಲ್ಲ, ಪೂರ್ತಿಯೂ ಅಲ್ಲ. ಅದಕ್ಕೇ ತಡ ಮಾಡಬೇಡಿ ಅನ್ನೋದು.

ಇನ್ನೊಂದು ಮಾತು, ಇದು ನಮ್ಮ ಸಭೆಯವರಿಗೇ. ದಿನಾ ಕುಡಿಯುವವರು ತಟ್ಟನೆ ಬಿಟ್ಟರೆ ಎರಡು ಮೂರು ದಿನದೊಳಗೆ ಕೈ ನಡುಗುತ್ತೆ, ಬೆವರುತ್ತೆ, ಫಿಟ್ಸ್ ಬರಬಹುದು, ಗೋಡೆ ಮೇಲೆ ಹುಳ ಕಾಣಬಹುದು, ಯಾರೋ ನಿಂತ ಹಾಗೆ ಕಾಣಬಹುದು. ಕುಡುಕನ ಕಣ್ಣಿಗೆ ಇಲ್ಲದ್ದು ಕಾಣುವ ವಿಷಯ ಜ್ಞಾನೋಕ್ತಿ 23ರಲ್ಲೇ ಇದೆ. ನಾವು ತಕ್ಷಣ ದೆವ್ವ ಅಂದು ಗದರಿಸೋಕೆ ನಿಂತುಬಿಡ್ತೀವಿ. ಬಿಡುಗಡೆಯ ಸೇವೆಯನ್ನ ನಾನು ನಂಬುತ್ತೇನೆ. ಆದ್ರೆ ಇದು ಜೀವ ತೆಗೆಯುವ ಕಾಯಿಲೆ. ಶಿವಮೊಗ್ಗದವರು ಮೆಗ್ಗಾನ್‌ಗೆ, ಭದ್ರಾವತಿಯವರು ಅಲ್ಲಿಯ ಸರ್ಕಾರಿ ಆಸ್ಪತ್ರೆಗೆ ಓಡಿ. ಆಟೋದಲ್ಲಿ ಪ್ರಾರ್ಥನೆ ಮಾಡಿ, ಕರ್ತನು ಕೇಳ್ತಾನೆ. "ಪ್ರಾರ್ಥನೆ ಆಯ್ತು, ಇವತ್ತಿಂದಲೇ ಬಿಟ್ಟುಬಿಡಿ ಅಪ್ಪಾ" ಅನ್ನೋ ಮೊದಲೇ ಡಾಕ್ಟರ್‌ಗೆ ತೋರಿಸಿ.

ಡಾಕ್ಟರ್ ಕೇಳಿದಾಗ ಅಮ್ಮ "ಯಾವಾಗಲೋ ಸ್ವಲ್ಪ" ಅಂತಾರೆ. ಮರ್ಯಾದೆ ಪ್ರಶ್ನೆ. ಆದ್ರೆ ಶೇಮ್ ಹೊದಿಸಿದ್ದು ಗುಡಾರದ ಒಳಗೆ ಹೋಗಿ, ದೂರ ನಿಂತು ಅಲ್ಲ. ಬೀದಿಗೆ ಮುಚ್ಚಿಡಿ, ವೈದ್ಯರಿಗೆ ಮುಚ್ಚಿಡಬೇಡಿ. ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು, ಬಿಪಿ, ಶುಗರ್, ನಿದ್ರೆ ಮಾತ್ರೆ ಯಾವುದು, ಈ ವಾರ ಅಮ್ಮನ ಜೊತೆ ಕೂತು ಬರೆದಿಡಿ. ಯಾರನ್ನ ಕೇಳೋದು ಅಂತ ತೋಚದಿದ್ರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಉಚಿತ.

ಅಪ್ಪನಿಗಾಗಿ ಪ್ರಾರ್ಥನೆ ಬೇಕಾದವರು ಎದ್ದು ನಿಲ್ಲಿ. ಹೆಸರು ಹೇಳಬೇಕಾಗಿಲ್ಲ.