ಕೂದಲು ಒಣಗಿಸುವ ಮಿಷನ್: ಓದಿ ಕೊಳ್ಳೋಣ, ನೋಡಿ ಬಳಸೋಣ



ನಾವು ತಲೆಗೆ ಎಣ್ಣೆ ಹಚ್ಚುತ್ತೇವೆ. ಸೀಗೆಪುಡಿ ಹಾಕಿ ಸ್ನಾನ ಮಾಡುತ್ತೇವೆ. ಆಮೇಲೆ ಬಿಸಿಲಿಗೆ ಕೂತು ಕೂದಲು ಒಣಗಿಸುತ್ತೇವೆ. ಬಿಸಿಲಿಗೆ ಕಾಸು ಕೊಡಬೇಕಾಗಿಲ್ಲ. ಬಿಸಿಲಿದ್ದರೆ ಅದೇ ಸಾಕು.

ಆದರೆ ಮಳೆಗಾಲದಲ್ಲಿ ಏನು ಮಾಡೋದು? ಮಲೆನಾಡು, ಕರಾವಳಿಯಲ್ಲಿ ಮಳೆ ಹಿಡಿದರೆ ಬಿಸಿಲೇ ಅಪರೂಪ. ಉದ್ದ ಕೂದಲು ಸಂಜೆಯಾದರೂ ಆರುವುದಿಲ್ಲ. ಬೆಳಿಗ್ಗೆ ಬೇಗ ಕೆಲಸಕ್ಕೆ ಹೋಗುವವರಿಗೂ ಇದೇ ಪಾಡು. ಸಂಘದಲ್ಲಿ ಸಾಲ ತೆಗೆದು ಬ್ಯೂಟಿ ಪಾರ್ಲರ್ ಇಟ್ಟವರಿಗಂತೂ ಹೇರ್ ಡ್ರೈಯರ್ ಬೇಕೇ ಬೇಕು.

ಅಂಗಡಿಯವರು "ಇದೇ ಒಳ್ಳೇದು, ತಗೊಳ್ಳಿ" ಅನ್ನುತ್ತಾರೆ. ನಾವು ತಲೆಯಾಡಿಸಿ ದುಡ್ಡು ಕೊಡಬೇಕೆ? ಬೇಡ. ಈಗ ನಮಗೆ ಓದು ಬರುತ್ತದೆ. ಅಂಕಿಗಳ ಗುರುತು ಸಿಗುತ್ತದೆ. ಡಬ್ಬದ ಮೇಲೆ ಬರೆದದ್ದನ್ನು ನಾವೇ ನೋಡೋಣ.

ಒಳಗೆ ಏನಿದೆ?

ಹೇರ್ ಡ್ರೈಯರ್ ಒಳಗೆ ಒಂದು ಪುಟ್ಟ ಫ್ಯಾನು ಇದೆ. ಒಂದು ತಂತಿಯ ಸುರುಳಿ ಇದೆ. ಕರೆಂಟ್ ಹರಿದಾಗ ಸುರುಳಿ ಕೆಂಪಗೆ ಕಾಯುತ್ತದೆ. ಫ್ಯಾನು ಹಿಂದಿನ ಜಾಲರಿಯಿಂದ ಗಾಳಿ ಎಳೆಯುತ್ತದೆ. ಆ ಗಾಳಿ ಸುರುಳಿಯ ಮೇಲೆ ಹಾದು ಬಿಸಿಯಾಗಿ ಮುಂದೆ ಬರುತ್ತದೆ. ಇಷ್ಟೇ ಇದರ ಗುಟ್ಟು.

ಕೊಳ್ಳುವ ಮುಂಚೆ ನಾಲ್ಕು ನೋಡಿ

1. ವ್ಯಾಟ್: ಡಬ್ಬದ ಮೇಲೆ 1000, 1200, 1800 ಎಂಬಂಥ ಅಂಕಿ ಇರುತ್ತದೆ. ಅದರ ಮುಂದೆ ಇಂಗ್ಲಿಷಿನ ಡಬ್ಲ್ಯೂ ಅಕ್ಷರ ಇದ್ದರೆ ಅದೇ ವ್ಯಾಟ್. ವ್ಯಾಟ್ ಹೆಚ್ಚಾದಷ್ಟೂ ಕರೆಂಟ್ ಹೆಚ್ಚು ಬೇಕು.

ನಮ್ಮ ಮನೆಯ ಕರೆಂಟ್ 230 ವೋಲ್ಟ್. ಸಣ್ಣ ಸಾಕೆಟ್ 5 ಅಥವಾ 6 ಆಂಪಿಯರ್‌ನದು. ಗುಣಿಸಿ ನೋಡೋಣ. 5 × 230 = 1150. ಅಂದರೆ 5 ಆಂಪಿಯರ್ ಸಾಕೆಟ್‌ಗೆ 1150 ವ್ಯಾಟ್ ದಾಟಬಾರದು. 1800 ವ್ಯಾಟ್ ಮಿಷನ್‌ಗೆ 16 ಆಂಪಿಯರ್‌ನ ದೊಡ್ಡ ಸಾಕೆಟ್ ಬೇಕು. ಸಣ್ಣದಕ್ಕೆ ಸಿಕ್ಕಿಸಿದರೆ ವೈರು ಕಾದು ಸುಡಬಹುದು. ಮನೆಯ ಬಳಕೆಗೆ 1000 ವ್ಯಾಟ್ ಸಾಕು.

2. ಐಎಸ್ಐ ಗುರುತು: ಇದು ಸರಕಾರದ ಸಂಸ್ಥೆ ಕೊಡುವ ಗುಣಮಟ್ಟದ ಗುರುತು. ಗುರುತಿನ ಕೆಳಗೆ ಲೈಸೆನ್ಸ್ ನಂಬರ್ ಇದೆಯೇ, ನೋಡಿ. ಬರೀ ಗುರುತು ಇದ್ದು ನಂಬರ್ ಇಲ್ಲದಿದ್ದರೆ ನಂಬಬೇಡಿ.

3. ಪಿನ್ನು: ಮೂರು ಪಿನ್ ಇದ್ದರೆ ದಪ್ಪ ಪಿನ್ನು ಅರ್ಥಿಂಗ್‌ನದು. ಅದನ್ನು ಮುರಿಯಬೇಡಿ. ಎರಡೇ ಪಿನ್ ಇದ್ದರೆ ಮಿಷನ್ ಮೇಲೆ ಚೌಕದೊಳಗೆ ಇನ್ನೊಂದು ಚೌಕದ ಗುರುತು ಇರಬೇಕು. ಒಳಗೆ ಎರಡು ಪದರ ರಕ್ಷಣೆ ಇದೆ ಎಂದು ಅದರ ಅರ್ಥ.

4. ಬೆಲೆ: ಡಬ್ಬದ ಮೇಲೆ ಎಂಆರ್‌ಪಿ ಅಂದರೆ ಗರಿಷ್ಠ ಮಾರಾಟ ಬೆಲೆ ಇರುತ್ತದೆ. ತೆರಿಗೆಯೂ ಅದರಲ್ಲೇ ಸೇರಿದೆ. ಅದಕ್ಕಿಂತ ಒಂದು ರೂಪಾಯಿಯೂ ಹೆಚ್ಚು ಕೊಡಬೇಕಿಲ್ಲ. ಕಡಿಮೆಗೆ ಕೇಳಬಹುದು.

"ಅಣ್ಣಾ, ಒಂದ್ಸಲ ಹಾಕಿ ತೋರಿಸಿ. ಬಿಲ್ ಕೊಡಿ. ಗ್ಯಾರಂಟಿ ಕಾರ್ಡಿಗೆ ಸೀಲ್ ಹಾಕಿ." ಹೀಗೆ ಕೇಳೋಕೆ ನಾಚಿಕೆ ಬೇಡ. ಮೋಸವಾದರೆ 1915ಕ್ಕೆ ಫೋನ್ ಮಾಡಿ. ಅದು ಗ್ರಾಹಕರ ಸಹಾಯವಾಣಿ. ಬಿಲ್ ಇದ್ದರೆ ನಮ್ಮ ಮಾತಿಗೆ ಬಲ.

ಖರ್ಚು ಎಷ್ಟು?

1000 ವ್ಯಾಟ್ ಮಿಷನ್ ಒಂದು ಗಂಟೆ ಓಡಿದರೆ 1 ಯೂನಿಟ್. ದಿನಕ್ಕೆ 10 ನಿಮಿಷದಂತೆ ಆರು ದಿನ ಬಳಸಿದರೂ 1 ಯೂನಿಟ್. ಅದೇ 1 ಯೂನಿಟ್‌ನಲ್ಲಿ 10 ವ್ಯಾಟ್‌ನ ಎಲ್ಇಡಿ ಬಲ್ಬ್ 100 ಗಂಟೆ ಉರಿಯುತ್ತದೆ. ಆದ್ದರಿಂದ ಮೊದಲು ಟವೆಲಿನಲ್ಲಿ ನೀರು ಹಿಂಡಿ. ಆಮೇಲೆ ಮಿಷನ್ ಹಿಡಿಯಿರಿ. ಸಮಯವೂ ಉಳಿಯುತ್ತದೆ, ದುಡ್ಡೂ ಉಳಿಯುತ್ತದೆ.

ಬಳಸುವುದು ಹೇಗೆ?

ಮಿಷನ್ ಕೂದಲಿಗೆ ತಾಗಿಸಬೇಡಿ. ಅರ್ಧ ಅಡಿ ದೂರ ಹಿಡಿಯಿರಿ. ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಇರಿ. ಒಂದೇ ಕಡೆ ಬಿಸಿ ಬಿದ್ದರೆ ಕೂದಲು ಒರಟಾಗುತ್ತದೆ, ತಲೆಯ ಚರ್ಮವೂ ಸುಡುತ್ತದೆ. ಕಡಿಮೆ ಬಿಸಿಯಲ್ಲಿ ಇಡಿ. ಎಳೆ ಮಕ್ಕಳ ತಲೆಗೆ ಬೇಡವೇ ಬೇಡ.

ಹಿಂದಿನ ಜಾಲರಿಗೆ ಕೂದಲು, ಧೂಳು ಕಟ್ಟಿಕೊಳ್ಳುತ್ತದೆ. ಆಗ ಗಾಳಿ ಸಾಲದೆ ಮಿಷನ್ ಕಾಯುತ್ತದೆ. ಪ್ಲಗ್ ತೆಗೆದು, ಒಣ ಬ್ರಷ್‌ನಿಂದ ಒರೆಸಿ. ಸುಟ್ಟ ವಾಸನೆ ಬಂದರೆ ಕೂಡಲೇ ನಿಲ್ಲಿಸಿ. ವೈರನ್ನು ಮಿಷನ್‌ಗೆ ಬಿಗಿಯಾಗಿ ಸುತ್ತಬೇಡಿ. ಒಳಗೇ ತಂತಿ ತುಂಡಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ಮಾತು

ನೀರೂ ಕರೆಂಟೂ ಸೇರಬಾರದು. ಸೇರಿದರೆ ಜೀವಕ್ಕೇ ಅಪಾಯ. ಆದ್ದರಿಂದ ಬಚ್ಚಲಲ್ಲಿ ಹೇರ್ ಡ್ರೈಯರ್ ಬಳಸಬೇಡಿ. ಬಕೆಟ್, ಹಂಡೆ, ನಲ್ಲಿ ಹತ್ತಿರವೂ ಬೇಡ. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡಿ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲಬೇಡಿ. ಮಿಷನ್ನಿನ ಸ್ವಿಚ್ ಆರಿಸಿದರೆ ಸಾಲದು. ಪ್ಲಗ್ ಸಿಕ್ಕಿಸಿದ್ದರೆ ಒಳಗೆ ಕರೆಂಟ್ ಇರುತ್ತದೆ. ಕೆಲಸ ಮುಗಿದ ಕೂಡಲೇ ಪ್ಲಗ್ ತೆಗೆಯಿರಿ.

ಮಿಷನ್ ನೀರಿಗೆ ಬಿದ್ದರೆ ಕೈ ಹಾಕಬೇಡಿ. ಮೊದಲು ಮೇನ್ ಸ್ವಿಚ್ ಆರಿಸಿ. ಯಾರಿಗಾದರೂ ಶಾಕ್ ಹೊಡೆದರೆ ಅವರನ್ನು ಮುಟ್ಟಬೇಡಿ. ಆಗಲೂ ಮೊದಲು ಮೇನ್ ಸ್ವಿಚ್ ಆರಿಸಿ. ಅದಾಗದಿದ್ದರೆ ಒಣ ಮರದ ಕೋಲಿನಿಂದ ವೈರನ್ನು ದೂರ ತಳ್ಳಿ. ಆಮೇಲೆ 108ಕ್ಕೆ ಫೋನ್ ಮಾಡಿ. ಈ ಮಾತನ್ನು ಮನೆಯಲ್ಲಿ ಮಕ್ಕಳಿಗೂ ಹೇಳಿಕೊಡೋಣ.

ಉತ್ತರ ಬರೆಯಿರಿ

1. ಐಎಸ್ಐ ಗುರುತಿನ ಕೆಳಗೆ ಏನು ಇರಬೇಕು?
2. 6 ಆಂಪಿಯರ್ ಸಾಕೆಟ್‌ಗೆ ಎಷ್ಟು ವ್ಯಾಟ್‌ವರೆಗೆ ಸರಿ? 6 × 230 = ______
3. ಹೇರ್ ಡ್ರೈಯರ್ ನೀರಿಗೆ ಬಿದ್ದರೆ ಮೊದಲು ಏನು ಮಾಡಬೇಕು?

ಮಾಡಿ ನೋಡಿ

ನಿಮ್ಮ ಮನೆಯ ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ಟಿವಿ ಮೇಲೆ ಎಷ್ಟು ವ್ಯಾಟ್ ಎಂದು ಬರೆದಿದೆ? ಓದಿ, ಪಟ್ಟಿ ಮಾಡಿ. ನಾಳೆ ಕಲಿಕಾ ಕೇಂದ್ರಕ್ಕೆ ತನ್ನಿ. ಎಲ್ಲರೂ ಸೇರಿ ಲೆಕ್ಕ ಹಾಕೋಣ.